ನಿಂತವನ ಮೇಲೇಕೆ ಸಂಶಯ?

ನಡೆಯುವವನಿಗೆ ನಮ್ಮ ನಾಡಿನಲ್ಲಿ ಮರ್ಯಾದೆಯುಂಟು, ನಿಂತವನಿಗೆ ಇಲ್ಲ. ಯುಗಾದಿಗೆ ಮುನ್ನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕಂಬಿ ಹೊತ್ತು ಹೊರಟ ಜನ ರಾಯಚೂರು ಸೀಮೆಯ ಹಾದಿಗಳಲ್ಲಿ ಸಾಗಿದರೆ, ದಾರಿಯುದ್ದಕ್ಕೂ ನೀರು, ಮಜ್ಜಿಗೆ, ದಾಸೋಹ. ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ತಿಕ್ಕುವವರೂ ಉಂಟು. ನೋಡಿ ಸಂತೋಷಪಡತಕ್ಕ ಸಂಗತಿಯೇ. ಆದರೆ ಅದೇ ಸೀಮೆಗೆ ಒಬ್ಬನೇ ಒಬ್ಬ ಮನುಷ್ಯ, ದೇವರ ಹೆಸರಿಲ್ಲದೆ, ಪಕ್ಷದ ಬಾವುಟವಿಲ್ಲದೆ ನಡೆದು ಬಂದು, ಒಂದು ದಿನ ಹೊಳೆಯ ದಂಡೆಯಲ್ಲಿ ಸುಮ್ಮನೆ ಕುಳಿತನೆನ್ನಿ. ಅವನು ಕಳ್ಳನಿರಬೇಕು, ಇಲ್ಲವೆ ಮರಳಿನ ಲೆಕ್ಕ ನೋಡಲು ಬಂದ ಅಧಿಕಾರಿಯಿರಬೇಕು, ಎರಡೂ ಅಲ್ಲವಾದರೆ ಜೀವ ಬೇಸತ್ತು ಬಂದವನಿರಬೇಕು. ಅವನಿಗೆ ದಣಿವಾಗಿರಬಹುದೆಂಬ ನಾಲ್ಕನೆಯ ಸಾಧ್ಯತೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಇದು ಊಹೆಯ ಮಾತಲ್ಲ. ಕಳೆದ ಮಾಗಿಯಲ್ಲಿ ನಾನು ತುಂಗಭದ್ರೆಯ ಎಡದಂಡೆ ಹಿಡಿದು, ಆನೆಗೊಂದಿಯಿಂದ ಕೆಳಮುಖವಾಗಿ ನಡೆದು ಬಂದು, ಸಿಂಧನೂರು ತಾಲೂಕಿನ ದಢೇಸುಗೂರಿನಲ್ಲಿ ಒಂದು ದಿನ ತಂಗಿದೆ. ಆಚೆ ದಡ ಸಿರುಗುಪ್ಪ ತಾಲೂಕು, ನಡುವೆ ಸೇತುವೆ. ಸೇತುವೆಯಿಂದ ಅಷ್ಟು ದೂರದಲ್ಲಿ, ಜಾಲಿಯ ನೆರಳಿನಲ್ಲಿ ನನ್ನ ಸಣ್ಣ ಗುಡಾರ. ಆ ದಿನ ನಾನು ಮಾಡಿದ್ದಿಷ್ಟು: ಎರಡು ಅಂಗಿ ಒಗೆದು ಒಣಹಾಕಿದೆ, ಹಿಮ್ಮಡಿಯ ಬೊಬ್ಬೆಗೆ ಬಟ್ಟೆ ಕಟ್ಟಿದೆ, ರೊಟ್ಟಿ ಶೇಂಗಾ ಹಿಂಡಿ ತಿಂದು ಮಲಗಿದೆ. ಇಷ್ಟಕ್ಕೆ ಬೆಳಗಿನಿಂದ ಬೈಗಿನವರೆಗೆ ಏಳು ಮಂದಿಗೆ ಉತ್ತರ ಕೊಡಬೇಕಾಯಿತು. "ಒಬ್ಬರ ಅದೀರೇನ್ರಿ?" "ಇಲ್ಲೇನು ಕೆಲಸ ಐತ್ರಿ?" "ಮನ್ಯಾಗ ಏನರ ಜಗಳ ಆಗೈತೇನ್ರಿ?" ಕುರಿಮಂದೆಯ ಮುದುಕನೊಬ್ಬ ಮಾತ್ರ ಏನನ್ನೂ ಕೇಳದೆ, "ಕಾಲು ನಿಮ್ಮವು ಅದಾವು, ಕೂಡ್ರಿ" ಎಂದು ಹೋದ. ನಿಲ್ಲುವುದರ ಬೆಲೆ ಅವನಿಗೆ ಗೊತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಅವನ ಮಂದೆ ರಾತ್ರಿ ತಂಗಲೆಂದು ಹೊಲದ ಯಜಮಾನರೇ ಕರೆಯುತ್ತಾರೆ, ಗೊಬ್ಬರವಾಗುತ್ತದಷ್ಟೆ. ನನ್ನ ತಂಗುವಿಕೆಯಿಂದ ಯಾರ ಹೊಲಕ್ಕೂ ಗೊಬ್ಬರವಿಲ್ಲವಾದ್ದರಿಂದ ಅದಕ್ಕೆ ಅರ್ಥವೂ ಇಲ್ಲವಾಯಿತು!

ಹಳ್ಳಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳುತ್ತಾರೆ, ಕೇಳಿಯಾದ ಮೇಲೆ ಕುಡಿಯಲು ನೀರು ಕೊಡುತ್ತಾರೆ. ನನ್ನ ಜಗಳವೇನಿದ್ದರೂ ಪಟ್ಟಣದವರಾದ ನಮ್ಮೊಂದಿಗೆ. ಅದೇ ಪ್ರವಾಸದಲ್ಲಿ ಪಟ್ಟಣವೊಂದರ ವಸತಿಗೃಹಕ್ಕೆ ಹೋದೆ. ಹಣ ಕೈಯಲ್ಲಿತ್ತು, ಗುರುತಿನ ಚೀಟಿ ಮೇಜಿನ ಮೇಲಿತ್ತು. "ಸಿಂಗಲ್ ಆದ್ರ ರೂಮು ಕೊಡಂಗಿಲ್ರಿ" ಎಂದು ಕಳಿಸಿಬಿಟ್ಟರು. ಓದುಗರಲ್ಲಿ ಹಲವರಿಗೆ ಈ ಮಾತು ಹೊಸದಲ್ಲ. ಕಾರಣವನ್ನೂ ಅವರು ಮುಚ್ಚಿಡಲಿಲ್ಲ: ಒಂಟಿಯಾಗಿ ಬಂದವನು ಕೋಣೆಯಲ್ಲಿ ಏನಾದರೂ ಮಾಡಿಕೊಂಡರೆ ಪೊಲೀಸು, ಪಂಚನಾಮೆ, ವ್ಯಾಪಾರಕ್ಕೆ ಪೆಟ್ಟು. ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಿಜವಾಗಿಯೂ ನೊಂದು ಬಂದವನನ್ನು ದೀಪವಿರುವ ಕೋಣೆಗೆ ಸೇರಿಸದೆ, ನಾಲ್ಕು ಜನರ ನಡುವಿನಿಂದ ಎಬ್ಬಿಸಿ, ಕತ್ತಲಲ್ಲಿ ಹೊಳೆಯ ದಾರಿ ಹಿಡಿಸುವುದು ಯಾವ ಬಗೆಯ ಜೀವರಕ್ಷಣೆ? ಅಲ್ಲಿ ಉಳಿಯುವುದು ವಸತಿಗೃಹದ ಹೆಸರೇ ಹೊರತು ಅವನ ಜೀವವಲ್ಲ. ಗಂಡಸಿನ ಪಾಡೇ ಇದಾದರೆ, ಒಬ್ಬಳೇ ನಡೆದು ಬಂದ ಹೆಣ್ಣುಮಗಳಿಗೆ ಎಂಥ ಪ್ರಶ್ನೆಗಳು ಕಾದಿರುತ್ತವೆಂಬುದನ್ನು ನಾನು ಬರೆಯಬೇಕಾಗಿಲ್ಲ.

ಸುಮ್ಮನೆ ಕೂಡುವುದು ಸೋಮಾರಿತನವೆನ್ನುವ ಪಂಡಿತರಿಗೆ ನಮ್ಮ ಹಿರಿಯರೇ ಉತ್ತರ ಕೊಟ್ಟಿದ್ದಾರೆ. ಬೌದ್ಧ ಭಿಕ್ಷುವಿಗೆ ವರ್ಷಾವಾಸ, ಜೈನಮುನಿಗೆ ಚಾತುರ್ಮಾಸ. ನಡಿಗೆಯೇ ವ್ರತವಾದವರಿಗೂ ತಂಗುವುದು ನಿಯಮವಾಗಿತ್ತು. ಇದೇ ಸೀಮೆಯ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿತೆಂದು ನಾವು ಹೆಮ್ಮೆಪಡುತ್ತೇವೆ. ಅದೇ ಅಶೋಕ, ಈಗ ದೆಹಲಿಯಲ್ಲಿರುವ ತೋಪ್ರಾ ಕಂಬದ ಮೇಲೆ, ದಾರಿಗಳಲ್ಲಿ ಆಲದ ಮರ ನೆಡಿಸಿದ, ಬಾವಿ ತೋಡಿಸಿದ, ತಂಗುಮನೆ ಕಟ್ಟಿಸಿದ ವಿಷಯ ಬರೆಸಿದ್ದಾನೆ. ಮನುಷ್ಯರಿಗೂ ಪಶುಗಳಿಗೂ ಹಿತವಾಗಲೆಂಬುದು ಅವನ ಉದ್ದೇಶ. ಬಂದವನು ಒಬ್ಬನೋ ಇಬ್ಬರೋ ಎಂಬ ವಿಚಾರಣೆ ಅಲ್ಲಿಲ್ಲ.

ಸಿಂಧನೂರಿಗಂತೂ ತಂಗಲು ಬಂದವನನ್ನು ಅನುಮಾನಿಸುವ ಹಕ್ಕೇ ಇಲ್ಲ. ಇಲ್ಲಿ ಎಷ್ಟೋ ಊರುಗಳ ಹೆಸರೇ ಕ್ಯಾಂಪು. 1953ರ ನಂತರ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಆಂಧ್ರದಿಂದ ಬಂದ ರೈತರು ಗುಡಿಸಲು ಹಾಕಿದ್ದು ಕ್ಯಾಂಪು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸರಕಾರ ನೆಲೆ ಕೊಟ್ಟದ್ದು ಆರ್.ಎಚ್. ಕ್ಯಾಂಪು. ನಾಲ್ಕು ದಿನದ ಬಿಡಾರಕ್ಕೆ ಇಡುವ ಹೆಸರು ಮೊಮ್ಮಕ್ಕಳ ಕಾಲಕ್ಕೂ ಅಳಿದಿಲ್ಲ. ಬಂದು ತಂಗಿದವರು ಬೆಳೆದ ಭತ್ತದ ಅನ್ನ ಉಂಡವರು, ಒಂದು ದಿನ ತಂಗುವವನಿಗೆ ಮುಖ ಗಂಟಿಕ್ಕುವುದು ಸರಿಯೆ?

ಸರಕಾರದ ಕಡೆಗೆ ತಿರುಗೋಣ. ತಾಲೂಕಿನ ಊರುಗಳಲ್ಲಿ ಪ್ರವಾಸಿ ಮಂದಿರಗಳಿವೆ. ಎಂಥ ಚಂದದ ಹೆಸರು! ಒಳಗೆ ಮಂತ್ರಿಗಳು, ಶಾಸಕರು, ಅಧಿಕಾರಿಗಳು, ಅವರನ್ನು ಕಾಣಬಂದವರು. ಬೆನ್ನ ಮೇಲೆ ಗಂಟು ಹೊತ್ತ ನಿಜವಾದ ಪ್ರವಾಸಿ ಗೇಟಿನಲ್ಲೇ ನಿಲ್ಲುತ್ತಾನೆ.

ನಡೆಯುವವನ ಬೇಡಿಕೆ ದೊಡ್ಡದಲ್ಲ. ಒಂದು ಪಡಸಾಲೆ, ಒಂದು ನಲ್ಲಿ, ಹೆಸರು ಬರೆದುಕೊಳ್ಳಲು ಒಂದು ಪುಸ್ತಕ, ಬಾಡಿಗೆ ಕೊಡುತ್ತಾನೆ. ಹೊಳೆ ಕಡಲುಗಳ ದಂಡೆಯಲ್ಲಿ ಒಂದೆರಡು ರಾತ್ರಿ ಗುಡಾರ ಹಾಕಲು ಅಡ್ಡಿಯಿಲ್ಲವೆಂಬ ಒಂದು ನಿಯಮ. ಸ್ಕಾಟ್ಲೆಂಡಿನವರು 2003ರ ಭೂಸುಧಾರಣಾ ಕಾಯಿದೆಯಲ್ಲಿ ಇಂಥದೊಂದು ಹಕ್ಕನ್ನು ಬರೆದೇ ಕೊಟ್ಟಿದ್ದಾರೆ. ಜವಾಬ್ದಾರಿಯಿಂದ ನಡೆದುಕೊಳ್ಳಬೇಕೆಂಬ ಕಟ್ಟೂ ಅದರಲ್ಲಿದೆ. ಆ ಕಟ್ಟು ನಮಗೂ ಇರಲಿ. ಪೈರು ತುಳಿದವನಿಗೆ, ದಂಡೆಯಲ್ಲಿ ಕಸ ಬಿಟ್ಟುಹೋದವನಿಗೆ ದಂಡ ಹಾಕಿರಿ. ಆದರೆ ಒಬ್ಬನೇ ಬಂದನೆಂಬ ತಪ್ಪಿಗೆ ಯಾರನ್ನೂ ಶಿಕ್ಷಿಸಬೇಡಿ.

ಇಷ್ಟೂ ಆಗದೆಂದರೆ, ಆ ಮಂದಿರಗಳ ಫಲಕವನ್ನಾದರೂ ಬದಲಿಸಲಿ. ಫಲಕ ಇರಬೇಕೆಂದಿದ್ದರೆ ಬಾಗಿಲು ತೆರೆಯಲಿ.