ಖಡ್ಗಕ್ಕೆ ಪೂಜೆ, ಕಮ್ಮಾರನಿಗೇನು?

ಮನುಷ್ಯನಿಗೆ ಹೆಸರು ಬರುವುದು ಮಾಡುವ ಕಾಯಕದಿಂದ, ಹುಟ್ಟಿನಿಂದಲ್ಲ ಎಂದು ಹೇಳಹೊರಟಾಗ ಬಸವಣ್ಣನವರಿಗೆ ಮೊದಲು ನೆನಪಾದವನು ಕಮ್ಮಾರ. ಮಡಿವಾಳ, ಸಾಲಿಗ, ವೇದವನ್ನು ಓದಿದವನು ಆ ವಚನದಲ್ಲಿ ಅನಂತರ ಬರುತ್ತಾರೆ. ವಚನವನ್ನು ಕಂಠಪಾಠ ಮಾಡಿದ ಭಕ್ತರು ಅನೇಕರಿದ್ದಾರೆ. ಆದರೆ ತಮ್ಮೂರಿನ ಕುಲುಮೆಯಲ್ಲಿ ಇಂದು ಬೆಂಕಿ ಉರಿಯುತ್ತಿದೆಯೇ ಎಂದು ವಿಚಾರಿಸಿದವರು ವಿರಳ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ವೀರಭದ್ರನ ಗುಗ್ಗಳವೆಂದರೆ ಪುರವಂತರಿಲ್ಲದೆ ನಡೆಯದು. ಎದೆಯ ಮೇಲೆ ವೀರಭದ್ರನ ಹಲಗೆ, ಬಾಯಲ್ಲಿ ದಕ್ಷಯಜ್ಞದ ಒಡಪು, ಕೈಯಲ್ಲಿ ಹಿರಿದ ಖಡ್ಗ. ಸವಣೂರು ತಾಲ್ಲೂಕಿನ ಕಾರಡಗಿಯಿಂದ ಬೆಳಗಾವಿ ಜಿಲ್ಲೆಯ ಗೊಡಚಿಯವರೆಗೆ ಈ ದೃಶ್ಯ ಎಲ್ಲರಿಗೂ ಪರಿಚಿತ. ಖಡ್ಗಕ್ಕೆ ವಿಭೂತಿ ಧರಿಸುತ್ತಾರೆ, ಹೂ ಏರಿಸುತ್ತಾರೆ, ಕಾಯಿ ಒಡೆಯುತ್ತಾರೆ. ಅದನ್ನು ಮಾಡಿದ ಕೈ ಯಾವುದೆಂದು ಯಾರೂ ಕೇಳುವುದಿಲ್ಲ. ಈಗೀಗ ಕೇಳಿದರೂ ಉತ್ತರ ದೊರೆಯದು. ಅನೇಕ ಕಡೆ ಖಡ್ಗವು ತೆಳು ಉಕ್ಕಿನ ಹಾಳೆಯಿಂದ ಯಂತ್ರ ಕತ್ತರಿಸಿಕೊಟ್ಟ, ನಿಕ್ಕಲ್ ಹೊಳಪಿನ ಅಂಗಡಿ ಸಾಮಾನಾಗಿದೆ.

ಕುಲುಮೆಯಲ್ಲಿ ಹುಟ್ಟುವ ಅಲಗಿನ ರೀತಿಯೇ ಬೇರೆ. ಹಳೆಯ ಲಾರಿಯ ಕಮಾನುಪಟ್ಟಿ ಇಂದಿನ ಹಳ್ಳಿಯ ಕಮ್ಮಾರನಿಗೆ ಮೆಚ್ಚಿನ ಲೋಹ. ಅದರಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುವುದರಿಂದ ಅದು ಗಡಸಾಗಬಲ್ಲದು, ಬಾಗಿ ಮರಳಬಲ್ಲದು. ಕೆಂಪಗೆ ಕಾಸಿ, ಇಕ್ಕಳದಲ್ಲಿ ಹಿಡಿದು, ಅಡಿಗಲ್ಲಿನ ಮೇಲೆ ಒಬ್ಬನು ತಿರುಗಿಸುತ್ತಿರಲು ಇನ್ನೊಬ್ಬನು ಸುತ್ತಿಗೆ ಹಾಕಬೇಕು. ಬೆನ್ನು ದಪ್ಪವಾಗಿ ಉಳಿದು ಬಾಯಿ ತೆಳುವಾಗುತ್ತ ಹೋಗುವುದು ಪೆಟ್ಟಿನ ಲೆಕ್ಕದಿಂದ. ಆಮೇಲೆ ಬರುವುದು ಹದ. ಸುಮಾರು 800 ಡಿಗ್ರಿ ಕಾವಿನಲ್ಲಿ ನೀರು ಅಥವಾ ಎಣ್ಣೆ ಕುಡಿಸಿದ ಅಲಗು ಗಾಜಿನಂತೆ ಪೆಡಸು. ನೆಲಕ್ಕೆ ಬಿದ್ದರೆ ಮುರಿಯಬಹುದು. ಅದನ್ನು ಮತ್ತೆ ಮೆಲ್ಲನೆ ಕಾಸಿದಾಗ ತಿಕ್ಕಿ ಬೆಳಗಿದ ಮೈಮೇಲೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಯಾವ ಬಣ್ಣದಲ್ಲಿ ತಡೆಯಬೇಕೆಂಬುದೇ ವಿದ್ಯೆ. ಉಳಿಗೆ ಹಳದಿ ಸಾಕು. ಉದ್ದನೆಯ ಖಡ್ಗವನ್ನು ನೀಲಿಯವರೆಗೆ ಬಿಡಬೇಕು. ಕುಲುಮೆಯ ಸಾಲೆಯನ್ನು ಮಬ್ಬಾಗಿ ಇಡುವುದು ಬಡತನದಿಂದ ಮಾತ್ರವಲ್ಲ. ಬಿಸಿಲಿನಲ್ಲಿ ಕೆಂಪಿನ ಕಾವು ಕಣ್ಣಿಗೆ ಸರಿಯಾಗಿ ತಿಳಿಯದು. ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ‘ವೂಟ್ಜ್’ ಎಂಬ ಜಗತ್ಪ್ರಸಿದ್ಧ ಹೆಸರು ಬಂದಿತೆಂದು ವಿದ್ವಾಂಸರು ಹೇಳುವ ನಾಡಿನಲ್ಲಿ ಈ ಮಾತುಗಳನ್ನು ಬಿಡಿಸಿ ಹೇಳಬೇಕಾಗಿ ಬಂದುದು ವಿಷಾದದ ಸಂಗತಿ.

ಹೊಳೆಯುವ ಹಾಳೆಯಿಂದ ಆಗುವ ಹಾನಿ ಕೇವಲ ಭಾವನೆಯದಲ್ಲ. ಅಲಗೇ ಬಾಲವಾಗಿ ಹಿಡಿಯ ತುದಿಯವರೆಗೆ ಸಾಗಿದ ಖಡ್ಗ ಕುಣಿತದ ರಭಸವನ್ನು ತಾಳುತ್ತದೆ. ಬುಡದಲ್ಲಿ ಬೆಸುಗೆ ಹಾಕಿ ಹಿಡಿ ಅಂಟಿಸಿದ್ದು ಒಂದು ದಿನ ಕಳಚಿ ಜನರ ನಡುವೆ ಹಾರುತ್ತದೆ. ಸುತ್ತಲೂ ಮಕ್ಕಳು ನಿಂತಿರುತ್ತಾರೆ.

ದಯೆಯನ್ನು ಧರ್ಮದ ಮೂಲವೆಂದ ಪರಂಪರೆಗೆ ಆಯುಧದ ಮಾತು ಸಲ್ಲುವುದೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ತೂಕವುಳ್ಳದ್ದು. ಆದರೆ 12ನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದು ಉಳವಿಯತ್ತ ನಡೆದ ಶರಣರು ವಚನದ ಕಟ್ಟುಗಳನ್ನು ಉಳಿಸಲು ಖಡ್ಗ ಹಿಡಿಯಬೇಕಾಯಿತೆಂದು ಪರಂಪರೆಯೇ ಹೇಳುತ್ತದೆ. ಪುರವಂತನ ಖಡ್ಗವು ಯಾರನ್ನೂ ಕಡಿಯುವುದಿಲ್ಲ. ಹಾಗಿರುವಾಗ ಅದನ್ನು ಪೂಜಿಸುವುದು ಸರಿ, ಅದನ್ನು ಬಡಿದವನ ವಿಷಯ ಬೇಡ ಎಂಬ ನಿಲುವು ದಯೆಯೂ ಅಲ್ಲ, ಧರ್ಮವೂ ಅಲ್ಲ.

ಕೊಡಗಿನ ಕಡೆ ನೋಡಬೇಕು. ಕೊಡವರ ಒಡಿಕತ್ತಿ ಅಗಲ ಅಲಗಿನ, ಬಾಗಿದ, ಭಾರವಾದ ಕತ್ತಿ; ಸೊಂಟದ ಹಿಂದೆ ತೊಡಂಗಿಗೆ ಸಿಕ್ಕಿಸಿಕೊಳ್ಳುವಂಥದು. ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಅದರಿಂದ ಒಂದೇ ಏಟಿಗೆ ಕಡಿಯಬೇಕು. ಸಭೆಯ ಎದುರು ಕಡಿಯಲೇಬೇಕಾದಲ್ಲಿ ತಗಡು ನಡೆಯದು. ಈ ಸೀಮೆಯಲ್ಲಿ ಖಡ್ಗಕ್ಕೆ ಹೊಳೆಯುವ ಕೆಲಸವಷ್ಟೇ ಉಳಿದಿರುವುದರಿಂದ ಮೋಸ ಕಣ್ಣಿಗೆ ಬೀಳುತ್ತಿಲ್ಲ.

ಕಮ್ಮಾರನೂ ಅಂಜುತ್ತಾನೆ. 9 ಅಂಗುಲಕ್ಕಿಂತ ಉದ್ದನೆಯ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗು, ಮನೆವಾರ್ತೆಗೋ ಒಕ್ಕಲುತನಕ್ಕೋ ಮಾಡಿದ್ದಲ್ಲದಿದ್ದರೆ, ಆಯುಧ ನಿಯಮಗಳ ಪಟ್ಟಿಗೆ ಸೇರುತ್ತದೆ. ಆದ್ದರಿಂದ ಬಾಯಿಮಾತಿನ ಬೇಡಿಕೆ ಸಾಲದು. ದೇವಸ್ಥಾನದ ಸಮಿತಿಯು ಠಾಣೆಗೆ ತಿಳಿಸಿ, ಬರೆದು ಕೊಟ್ಟು, ಮುಂಗಡ ನೀಡಿ ಮಾಡಿಸಬೇಕು. ಕುಡುಗೋಲು, ಕೊಡಲಿ, ಕುಂಟೆಯ ಕುಡದಿಂದ ಬದುಕಿದ ಮನೆಗಳಿಗೆ ಟ್ರ್ಯಾಕ್ಟರು ಬಂದ ಮೇಲೆ ಕೆಲಸ ಕಡಿಮೆಯಾಗಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕಮ್ಮಾರನೂ ಇದ್ದಾನೆ, ಆಯುಧ ಮಾಡುವವನೂ ಇದ್ದಾನೆ. ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವುಂಟು. ಅರ್ಜಿ ತುಂಬಲು ಬಾರದವರಿಗೆ ಓದಿದ ಭಕ್ತರು ಒಂದು ಮಧ್ಯಾಹ್ನ ಕುಳಿತು ತುಂಬಿಕೊಟ್ಟರೆ ಅದೂ ದಾಸೋಹವೇ.

ಮುಂದಿನ ಗುಗ್ಗಳಕ್ಕೆ ಹೊಸ ಖಡ್ಗ ಬೇಕೆನ್ನುವ ಊರವರು ಅಂಗಡಿಗೆ ಹೋಗುವ ಮೊದಲು ಕುಲುಮೆಗೆ ಹೋಗಲಿ. ಚೌಕಾಶಿ ಬೇಡ. ಖಡ್ಗ ಸಿದ್ಧವಾದ ದಿನ ಅದನ್ನು ಗುಡಿಗೆ ತರುವ ಮೆರವಣಿಗೆಯಲ್ಲಿ, ಅದನ್ನು ಮೊದಲು ಹಿಡಿದು ನಡೆಯುವವನು ಬಡಿದವನೇ ಆಗಲಿ. ಪುರವಂತನ ಕೈಗೆ ಅವನೇ ಕೊಡಲಿ.