ಗೋಡೆ ಯಾರದು?

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಮಹಾಗಾಂವ ಕ್ರಾಸ್ ಇದೆ. ಅಲ್ಲಿ ಬಸ್ಸಿಗೆ ಕಾದು ನಿಂತ ದುಡಿಯುವವನ ಕಣ್ಣಿಗೆ ಬೀಳುವುದೇನು? ಕಂಪನಿಗಳ ಜಾಹೀರಾತು, ಕೈಮುಗಿದು ನಿಂತ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು! ಇವು ಊರಿನ ಅಂದಗೆಡಿಸುತ್ತವೆಂದು ಯಾರಿಗೂ ತೋರುವುದಿಲ್ಲ. ಅಲ್ಲಿಯೇ ಊರ ಹುಡುಗನೊಬ್ಬ ಇದ್ದಿಲು ಹಿಡಿದು ಚಿತ್ರ ಬರೆಯಲಿ, ‘ಕುಡಿಯುವ ನೀರು ಕೊಡಿ’ ಎಂದು ನಾಲ್ಕಕ್ಷರ ಗೀಚಲಿ. ಕೂಡಲೇ ಅದು ಹೊಲಸು, ಅದು ಪುಂಡಾಟ!

ಈ ನ್ಯಾಯ ಹೊಸದಲ್ಲ. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ದೊರೆ ಕಲ್ಲಿನ ಮೇಲೆ ಬರೆಸಿದರೆ ಶಾಸನ, ಪ್ರಜೆ ಗೋಡೆಯ ಮೇಲೆ ಬರೆದರೆ ಅಪರಾಧ! 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂದು ಗೋಡೆಗಳ ಮೇಲೆ ಬರೆದವರೂ ಆಗಿನ ಸರಕಾರದ ಕಣ್ಣಿಗೆ ಪುಂಡರೇ ಆಗಿದ್ದರು.

ಸ್ವತಂತ್ರ ಭಾರತದಲ್ಲಿ ಏನಾಯಿತು? ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯ 1981ರಲ್ಲಿ ಕಾನೂನು ಮಾಡಿತು. ಸ್ಥಳೀಯ ಸಂಸ್ಥೆಯ ಲಿಖಿತ ಅಪ್ಪಣೆ ಇಲ್ಲದೆ ಜಾಹೀರಾತು ಬರೆದರೆ, ಅಂಟಿಸಿದರೆ ಶಿಕ್ಷೆಯುಂಟು. ಸಣ್ಣ ವ್ಯಾಪಾರಿ ಸಾಲ ಮಾಡಿ ಸುಣ್ಣ ಬಳಿಸಿದ ಅಂಗಡಿಯ ಗೋಡೆಯನ್ನು ಅವನನ್ನು ಕೇಳದೆ ಕೆಡಿಸುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಈ ಕಾನೂನಿನ ಕಣ್ಣು ಧನಿಕನ ಕಡೆ ತಿರುಗುವುದು ಯಾವಾಗ? ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ಕಿತ್ತುಹಾಕಿಸಲು 2018ರಲ್ಲಿ ಹೈಕೋರ್ಟೇ ಚಾಟಿ ಬೀಸಬೇಕಾಯಿತು.

ಚಿತ್ರದಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಮೊಸಳೆಯ ಗೊಂಬೆಯನ್ನಿಟ್ಟು ಗುಂಡಿಯನ್ನೇ ಕೊಳ ಮಾಡಿದರು. ಊರೆಲ್ಲ ನೋಡಿ ನಕ್ಕಿತು. ಜನರ ಗೋಳಿಗೆ ಏಳದ ಅಧಿಕಾರಿಗಳು ಮೊಸಳೆಗೆ ಎದ್ದರು, ಗುಂಡಿ ಮುಚ್ಚಿತು. ಬೀದಿಯ ಚಿತ್ರಕ್ಕೆ ಇರುವ ಬಲ ಇದು. ದೊಡ್ಡವರಿಗೆ ಅದು ಬೇಡವಾಗಿರುವುದೂ ಇದಕ್ಕಾಗಿಯೇ.

ಕಲೆ ಬೇಕಾದರೆ ಪ್ರದರ್ಶನ ಮಂದಿರಕ್ಕೆ ಹೋಗಿರೆನ್ನುವ ಮಹನೀಯರೂ ಇದ್ದಾರೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ಬೀದಿಗೂ ಬಡವರ ಮನೆಗೂ ಚಿತ್ರವನ್ನು ತಂದರು. ಇಂದು ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಹೆಸರು ಕಟ್ಟಡಕ್ಕೆ, ಉಪವಾಸ ಬೀದಿಯ ಚಿತ್ರಕಾರನಿಗೆ! ಫ್ಲೆಕ್ಸಿನ ಯಂತ್ರ ಬಂದಿತು, ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರನ ಕುಂಚ ಒಣಗಿತು. ಎಂ.ಎಸ್.ಕೆ. ಮಿಲ್ಲು ಮುಚ್ಚಿದಾಗ ಕಾರ್ಮಿಕನಿಗಾದದ್ದೇ ಇವನಿಗೂ ಆಯಿತು: ಕೈಯಲ್ಲಿ ಕಸಬಿದೆ, ಕೆಲಸವಿಲ್ಲ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಶಾಲೆ, ಬಸ್ ನಿಲ್ದಾಣ, ಪಂಚಾಯಿತಿ ಕಚೇರಿಗಳ ಗೋಡೆಗಳನ್ನು ಊರವರ ಚಿತ್ರಕ್ಕೆ ಬಿಡಬೇಕು. ಪೇಂಟರರಿಗೆ ಪೂರ್ತಿ ದಿನಗೂಲಿ ಕೊಡಬೇಕು. ಏನು ಬರೆಯಬೇಕೆಂಬುದನ್ನು ಗ್ರಾಮಸಭೆ ನಿರ್ಧರಿಸಲಿ. ಕಮಲಾಪುರದ ಕೆಂಪು ಬಾಳೆ, ನಮ್ಮ ಹೊಲದ ತೊಗರಿ ಗೋಡೆಯ ಮೇಲೆ ಬರಲಿ. ಬಾರದ ಕೂಲಿಯ ಲೆಕ್ಕವೂ ಬರಲಿ.

ಬಂಧುಗಳೇ, ಗೋಡೆ ಕಟ್ಟಿದವನು ಕೂಲಿಕಾರ. ಹಣ ಕೊಟ್ಟದ್ದು ಜನತೆ. ಅದರ ಮೇಲೆ ಮಾತನಾಡುವ ಹಕ್ಕು ಮಾತ್ರ ಕಾಸುಳ್ಳವನದೇ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಪ್ರಶ್ನೆ ಕೇಳಿರಿ.