ಸಾಹಸ ಬಂಡವಾಳ: ಸಾಲವೂ ಅಲ್ಲ, ಬಹುಮಾನವೂ ಅಲ್ಲ

ಯಾವುದೋ ಹೊಸ ಕಂಪೆನಿಗೆ ನೂರಾರು ಕೋಟಿ ವೆಂಚರ್ ಕ್ಯಾಪಿಟಲ್ ಬಂತು ಎಂದು ಪೇಪರಿನಲ್ಲಿ ಓದಿದರೆ ಸಾಕು, ಆ ಕಂಪೆನಿ ಗೆದ್ದೇಬಿಟ್ಟಿತು ಅಂದುಕೊಳ್ಳುತ್ತಾರೆ ನಮ್ಮ ಹುಡುಗರು. ಕನ್ನಡದಲ್ಲಿ ಇದಕ್ಕೆ ‘ಸಾಹಸ ಬಂಡವಾಳ’ ಎನ್ನುತ್ತಾರೆ. ಹೆಸರಿನಲ್ಲೇ ಅರ್ಥ ಇದೆ ನೋಡಿ.

ಅಡಿಕೆ ತೋಟಕ್ಕೆ ಬ್ಯಾಂಕಿನಿಂದ ಸಾಲ ತೆಗೆದರೆ, ಕೊಳೆರೋಗ ಬಂದು ಫಸಲು ಹೋದರೂ ಕಂತು ಕಟ್ಟಲೇಬೇಕು. ಸಾಹಸ ಬಂಡವಾಳ ಹಾಗಲ್ಲ. ಹಣ ಕೊಟ್ಟವನು ಪಾಲುದಾರ. ಕಂಪೆನಿ ಮುಳುಗಿದರೆ ಅವನ ಹಣವೂ ಮುಳುಗಿತು. ಗೆದ್ದರೆ? 1946ರಲ್ಲಿ ಅಮೆರಿಕದಲ್ಲಿ ಇಂಥ ಸಂಸ್ಥೆ ಕಟ್ಟಿದವರಲ್ಲಿ ಹಾರ್ವರ್ಡಿನ ಮೇಷ್ಟ್ರು ಜಾರ್ಜ್ ಡೋರಿಯೋ ಒಬ್ಬರು. 1957ರಲ್ಲಿ ಆ ಸಂಸ್ಥೆ 70,000 ಡಾಲರ್ ಕೊಟ್ಟು ‘ಡಿಜಿಟಲ್ ಇಕ್ವಿಪ್‌ಮೆಂಟ್’ ಎಂಬ ಕಂಪ್ಯೂಟರ್ ಕಂಪೆನಿಯ ಶೇ. 70ರಷ್ಟು ಪಾಲು ಪಡೆಯಿತು. ಮುಂದೆ ಅದರ ಬೆಲೆ ಕೋಟಿಗಟ್ಟಲೆ ಡಾಲರ್ ಆಯಿತು. ಹತ್ತು ಕಡೆ ಹಣ ಹಾಕಿ ಎಂಟು ಕಡೆ ಕಳೆದುಕೊಂಡರೂ ಇಂಥದ್ದೊಂದು ಸಿಕ್ಕರೆ ಸಾಕು ಎಂಬುದೇ ಈ ವ್ಯವಹಾರದ ಲೆಕ್ಕ. ಆದ್ದರಿಂದಲೇ ಅವರಿಗೆ ನಿಧಾನ ಆಗದು, ಬೇಗ ಬೆಳೆಯಿರಿ ಎಂದು ಒತ್ತಾಯಿಸುತ್ತಾರೆ.

ನಮ್ಮ ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯ ಬೈಜು ರವೀಂದ್ರನ್ ಪಾಠ ಹೇಳಿ ಹೆಸರು ಮಾಡಿದವರು. ಅವರ ‘ಬೈಜೂಸ್’ ಕಂಪೆನಿಯ ಬೆಲೆ 2022ರಲ್ಲಿ 2,200 ಕೋಟಿ ಡಾಲರ್ ಎಂದಿತ್ತು. ಇದು ಪೆಟ್ಟಿಗೆಯಲ್ಲಿದ್ದ ಹಣವಲ್ಲ. ಸಣ್ಣ ಪಾಲೊಂದು ಮಾರಿದ ಬೆಲೆಯನ್ನು ಇಡೀ ಕಂಪೆನಿಗೆ ಹಚ್ಚಿ ಮಾಡಿದ ಲೆಕ್ಕ. 2021ರಲ್ಲಿ ಅದು 120 ಕೋಟಿ ಡಾಲರ್ ಸಾಲವನ್ನೂ ಎತ್ತಿತ್ತು. ಮುಂದೆ ಸಾಲ ಕೊಟ್ಟವರು ಕೋರ್ಟಿಗೆ ಹೋದರು. ಪಾಲುದಾರರಲ್ಲಿ ಒಬ್ಬರಾದ ಪ್ರೋಸಸ್ ಸಂಸ್ಥೆ 2024ರಲ್ಲಿ ತನ್ನ ಪಾಲಿನ ಬೆಲೆ ಸೊನ್ನೆ ಎಂದು ಬರೆದುಕೊಂಡಿತು. ಸಾಲಕ್ಕೂ ಪಾಲಿಗೂ ಇರುವ ವ್ಯತ್ಯಾಸ ಒಂದೇ ಕಂಪೆನಿಯಲ್ಲಿ ಕಾಣಿಸಿತು! ಅದೇ ವರ್ಷ ಕಂಪೆನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಷ್ಟರಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡಿದ್ದರು.

ನನ್ನ ತಕರಾರು ಇಲ್ಲಿದೆ. ಹಣ ಹಾಕಿದವನಿಗೆ ಹತ್ತು ಕಂಪೆನಿ, ಕೆಲಸಕ್ಕೆ ಸೇರಿದವನಿಗೆ ಒಂದೇ ಸಂಬಳ. ಸಾಹಸ ಇಬ್ಬರದ್ದೂ, ಆದರೆ ಹೊಡೆತ ಒಂದೇ ಅಲ್ಲ.

ಹಾಗೆಂದು ಈ ಬಂಡವಾಳ ಬೇಡ ಎನ್ನಲಾರೆ. ಅಡವಿಡಲು ಆಸ್ತಿ ಇಲ್ಲದ, ತಲೆಯಲ್ಲಿ ಮಾತ್ರ ವಿಚಾರ ಇರುವ ಹುಡುಗನಿಗೆ ಬ್ಯಾಂಕು ಬಾಗಿಲು ತೆರೆಯುವುದು ಕಷ್ಟ, ಇವರು ತೆರೆಯುತ್ತಾರೆ. ಆದರೆ ಊರಿನ ಬೇಕರಿಗೋ ಪ್ರೆಸ್ಸಿಗೋ ಇದು ಹೊಂದುವ ಹಣವಲ್ಲ. ಅಲ್ಲಿಗೆ ಸಹಕಾರಿ ಬ್ಯಾಂಕಿನ ಸಾಲವೇ ಸರಿ.

ಇನ್ನು ಮುಂದೆ ಮಕ್ಕಳು “ಎಷ್ಟು ಕೋಟಿ ಬಂತು?” ಎಂದು ಕೇಳುವ ಬದಲು “ಎಷ್ಟು ಪಾಲು ಹೋಯಿತು? ಲಾಭ ಬರುತ್ತಿದೆಯೇ?” ಎಂದು ಕೇಳಲಿ. ನೀವೇನಂತೀರಿ?